ತಾತನ ಟ್ರಂಕಿನಲ್ಲಿ ಶಾರ್ಟ್‌ಹ್ಯಾಂಡ್ ಪುಸ್ತಕ ಸಿಕ್ಕಿದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕು. ನಮ್ಮ ತಾತ ಮೊದಲು ಒಂದು ಕಾಫಿ ಎಸ್ಟೇಟಿನ ಆಫೀಸಿನಲ್ಲಿದ್ದರು. ಆಮೇಲೆ ಹಾಸನದ ಕೋರ್ಟಿನಲ್ಲಿ ಸ್ಟೆನೋ (ಹೇಳಿದ್ದನ್ನು ಶಾರ್ಟ್‌ಹ್ಯಾಂಡ್ ಎಂಬ ಗುರುತುಗಳಲ್ಲಿ ಬೇಗ ಬರೆದುಕೊಂಡು ಆಮೇಲೆ ಟೈಪ್ ಮಾಡುವವರು) ಆಗಿ ನಿವೃತ್ತರಾದರು. ಅವರ ಟ್ರಂಕಿನಲ್ಲಿ ಒಂದು ರಾಶಿ ನೋಟ್‌ಬುಕ್ ಸಿಕ್ಕಿವೆ. ಎಲ್ಲ ಗೀಟು, ಚುಕ್ಕೆ, ಕೊಕ್ಕೆ. ಜೊತೆಗೆ ಒಂದು ಕಪ್ಪು ಬಟ್ಟೆಯ ಮಡಿಕೆ ಪುಸ್ತಕವೂ ಇದೆ, ಅದರ ಬರಹ ಬೇರೆ ಥರ. ಇವನ್ನು ಓದಿಸಬಹುದಾ? ಬೆಲೆ ಇದೆಯಾ? ಇಂಥವನ್ನು ಸಂಗ್ರಹಿಸುವ ಆಸೆ ನನಗೂ ಬಂದಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲ ಕೆಲಸ, ಆ ಟ್ರಂಕಿನಲ್ಲಿರುವ ಯಾವುದನ್ನೂ ಬೇರೆ ಮಾಡಬೇಡಿ. ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಾ? ಗೀಟು ಬರೆದ ನೋಟ್‌ಬುಕ್ ವಿಚಿತ್ರವಾಗಿದೆ ಅಂತ ಎತ್ತಿಡುತ್ತಾರೆ. ಅದರ ಕೆಳಗಿದ್ದ ಟೈಪ್ ಮಾಡಿದ ಕಾರ್ಬನ್ ಪ್ರತಿಗಳು ರದ್ದಿಗೆ ಹೋಗುತ್ತವೆ. ರಟ್ಟು ಕಿತ್ತುಹೋದ ಇಂಗ್ಲಿಷ್ ಪಠ್ಯಪುಸ್ತಕ ಗುಜರಿಗೆ ಹೋಗುತ್ತದೆ. ಅಲ್ಲಿಗೆ ಮುಗಿಯಿತು. ಆ ಪಠ್ಯಪುಸ್ತಕ, ಆ ಕಾರ್ಬನ್ ಪ್ರತಿ ಎರಡೂ ನಿಮ್ಮ ನೋಟ್‌ಬುಕ್ಕಿನ ಕೀಲಿ. ಕೀಲಿ ಜೊತೆಗಿದ್ದ ಶಾರ್ಟ್‌ಹ್ಯಾಂಡ್ ಬರಹಕ್ಕೂ ಕೀಲಿ ಕಳೆದುಕೊಂಡ ಬರಹಕ್ಕೂ ಅಜಗಜಾಂತರ. ನಾನು ಏನೇ ಸಂಗ್ರಹಿಸಿದರೂ ಮೊದಲು ನೋಡುವುದು ಇದನ್ನೇ. ಬೆಲೆ, ಹಳಮೆ ಎಲ್ಲ ಆಮೇಲಿನ ಮಾತು.

ಇಂಗ್ಲೆಂಡಿನಲ್ಲಿ ಇದಕ್ಕೊಂದು ಪ್ರಸಿದ್ಧ ಉದಾಹರಣೆ ಇದೆ. ಸ್ಯಾಮ್ಯುಯೆಲ್ ಪೀಪ್ಸ್ ಎಂಬ ನೌಕಾಪಡೆಯ ಅಧಿಕಾರಿ 1660ರಿಂದ 1669ರವರೆಗೆ ದಿನಚರಿ ಬರೆದ. ಲಂಡನ್ನಿನ ಪ್ಲೇಗು, 1666ರ ದೊಡ್ಡ ಬೆಂಕಿ, ಆಫೀಸಿನ ರಾಜಕೀಯ, ಹೆಂಡತಿಯ ಜೊತೆಗಿನ ಜಗಳ ಎಲ್ಲ ಅದರಲ್ಲಿವೆ. ಬರೆದದ್ದು ಶಾರ್ಟ್‌ಹ್ಯಾಂಡಿನಲ್ಲಿ. ಅವನ ಗ್ರಂಥಭಂಡಾರ ಕೊನೆಗೆ ಕೇಂಬ್ರಿಡ್ಜಿನ ಒಂದು ಕಾಲೇಜು ಸೇರಿತು. ಅದರ ಜೊತೆಗೆ ಆರು ಸಂಪುಟದ ಈ ದಿನಚರಿಯೂ ಹೋಯಿತು. ನೂರಕ್ಕೂ ಹೆಚ್ಚು ವರ್ಷ ಯಾರೂ ಅದನ್ನು ಪೂರ್ತಿ ಓದಲಿಲ್ಲ. 1819ರಲ್ಲಿ ಜಾನ್ ಸ್ಮಿತ್ ಎಂಬ ಬಡ ವಿದ್ಯಾರ್ಥಿಗೆ ಆ ಕೆಲಸ ಕೊಟ್ಟರು. ಪಾಪ, ಅವನು ಸುಮಾರು ಮೂರು ವರ್ಷ ಹಗಲು ರಾತ್ರಿ ಕೂತು ಒಂದೊಂದೇ ಗುರುತು ಬಿಡಿಸಿದ. ಪೀಪ್ಸ್ ಬಳಸಿದ್ದು ಥಾಮಸ್ ಶೆಲ್ಟನ್ ಎಂಬಾತನ ಪದ್ಧತಿ. ಅದನ್ನು ಕಲಿಸುವ ಪುಸ್ತಕ ಅದೇ ಗ್ರಂಥಭಂಡಾರದ ಕಪಾಟಿನಲ್ಲಿ ಇತ್ತು! ಸ್ಮಿತ್‌ಗೆ ಅದು ಗೊತ್ತಿರಲಿಲ್ಲ.

ನಿಮ್ಮ ಟ್ರಂಕಿನಲ್ಲಿ ಅಂಥ ಪುಸ್ತಕ ಇದೆಯಾ ನೋಡಿ. ಹೆಚ್ಚಾಗಿ ಅದು 'ಪಿಟ್‌ಮನ್ಸ್ ಶಾರ್ಟ್‌ಹ್ಯಾಂಡ್ ಇನ್‌ಸ್ಟ್ರಕ್ಟರ್' ಆಗಿರುತ್ತದೆ, ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ ಕಟ್ಟಿದ ಪದ್ಧತಿಯ ಪಠ್ಯಪುಸ್ತಕ. ಯಾವ ಆವೃತ್ತಿ ಅನ್ನೋದು ಮುಖ್ಯ. 1922ರಲ್ಲಿ 'ನ್ಯೂ ಎರಾ' ಎಂಬ ಆವೃತ್ತಿ ಬಂತು. ನಮ್ಮ ದೇಶದ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ತಲೆತಲಾಂತರ ಕಲಿಸಿದ್ದು ಅದನ್ನೇ. 1975ರಲ್ಲಿ 'ಪಿಟ್‌ಮನ್ 2000' ಎಂಬ ಸರಳ ಪದ್ಧತಿ ಬಂತು. ಅದನ್ನು ಇಟ್ಟುಕೊಂಡು 1940ರ ನೋಟ್‌ಬುಕ್ ಓದೋಕೆ ಹೋದರೆ ದಾರಿ ತಪ್ಪುತ್ತದೆ, ಎಷ್ಟೋ ಗುರುತು ಅದರಲ್ಲಿ ಸಿಗುವುದೇ ಇಲ್ಲ.

ಈಗ ಗುರುತು ಹಿಡಿಯುವುದಕ್ಕೆ ಬರೋಣ. ಒಂದು ಪುಟ ತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೆಲವು ಗೀಟು ತೆಳು, ಕೆಲವು ದಪ್ಪ ಇವೆಯಾ? ಕೆಲವು ಹಾಳೆಯಲ್ಲಿ ಅಚ್ಚಾದ ಗೆರೆಯ ಮೇಲೆ ಕೂತಿವೆ, ಕೆಲವು ಗೆರೆಯಿಂದ ಎತ್ತರದಲ್ಲಿವೆ, ಕೆಲವು ಗೆರೆಯನ್ನು ಸೀಳಿಕೊಂಡು ಕೆಳಗೆ ಇಳಿದಿವೆಯಾ? ಪಕ್ಕದಲ್ಲಿ ಸಣ್ಣ ಚುಕ್ಕೆ, ಸಣ್ಣ ಅಡ್ಡಗೀಟು ಇವೆಯಾ? ಹಾಗಿದ್ದರೆ ಅದು ಪಿಟ್‌ಮನ್. ಹಾಸನ, ಚಿಕ್ಕಮಗಳೂರಿನ ಕಡೆ ಸಿಗುವ ಇಂಗ್ಲಿಷ್ ಶಾರ್ಟ್‌ಹ್ಯಾಂಡ್ ಬಹುತೇಕ ಇದೇ. ಗೀಟೆಲ್ಲ ಒಂದೇ ದಪ್ಪ ಇದ್ದು, ಮೊಟ್ಟೆಯಾಕಾರದ ಸುರುಳಿಗಳು ಒಂದಕ್ಕೊಂದು ಹರಿದುಕೊಂಡು ಹೋಗಿದ್ದರೆ ಅದು ಗ್ರೆಗ್. ಐರ್ಲೆಂಡಿನಲ್ಲಿ ಹುಟ್ಟಿದ ಜಾನ್ ರಾಬರ್ಟ್ ಗ್ರೆಗ್ 1888ರಲ್ಲಿ ಲಿವರ್‌ಪೂಲಿನಲ್ಲಿ ಅದನ್ನು ಪ್ರಕಟಿಸಿದ. ಆಮೇಲೆ ಅಮೆರಿಕಕ್ಕೆ ಹೋದ. ಅಲ್ಲಿ ಅದೇ ಗೆದ್ದಿತು. ನಮ್ಮ ಕಡೆ ಅಪರೂಪ.

ಪಿಟ್‌ಮನ್‌ನಲ್ಲಿ ದಪ್ಪ, ತೆಳು ಯಾಕೆ ಬೇಕು ಅನ್ನೋದು ಕನ್ನಡದವರಿಗೆ ಬೇಗ ತಲೆಗೆ ಹೋಗುತ್ತದೆ. ನಮ್ಮ ವರ್ಣಮಾಲೆಯಲ್ಲಿ ಕ ಆದ ಮೇಲೆ ಗ, ಚ ಆದ ಮೇಲೆ ಜ, ಪ ಆದ ಮೇಲೆ ಬ ಬರುತ್ತವೆ ಅಲ್ವಾ? ಒಂದೇ ಜಾಗದಲ್ಲಿ ಹುಟ್ಟುವ ಸದ್ದುಗಳು, ಒಂದು ಮೆಲು, ಒಂದು ಗಡಸು. ಪಿಟ್‌ಮನ್ ಇದೇ ಜೋಡಿಯನ್ನು ಹಿಡಿದ. ಅಡ್ಡಗೀಟು ತೆಳುವಾದರೆ ಕ, ದಪ್ಪವಾದರೆ ಗ. ಎಡದಿಂದ ಬಲಕ್ಕೆ ಇಳಿಜಾರಾದ ಗೀಟು ತೆಳುವಾದರೆ ಪ, ದಪ್ಪವಾದರೆ ಬ. ನೇರ ನಿಂತದ್ದು ತೆಳುವಾದರೆ ಇಂಗ್ಲಿಷಿನ ಟೀ, ದಪ್ಪವಾದರೆ ಡೀ. ಇಂಗ್ಲಿಷಿನ ಕಾಗುಣಿತದ ಗೊಂದಲವನ್ನು ಅವನು ಪೂರ್ತಿ ಬಿಟ್ಟುಬಿಟ್ಟ. ಕಿವಿಗೆ ಕೇಳಿದ್ದನ್ನು ಬರೆ, ಅಷ್ಟೇ. ನಮಗೆ ಇದು ಹೊಸದೇ ಅಲ್ಲ. ದಕ್ಷಿಣದ ಹುಡುಗರು ಮುಂಬೈ, ದೆಹಲಿಯ ಆಫೀಸುಗಳಲ್ಲಿ ಒಳ್ಳೇ ಸ್ಟೆನೋಗಳು ಅನ್ನಿಸಿಕೊಂಡಿದ್ದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನ್ನ ಅನುಮಾನ.

ನಿಮ್ಮ ಎಸ್ಟೇಟ್ ನೋಟ್‌ಬುಕ್ಕಿನಲ್ಲೇ ಒಂದು ಉದಾಹರಣೆ ಸಿಕ್ಕರೂ ಸಿಕ್ಕೀತು. ಕಾಫಿ ಕೊಯ್ಲಿನ ಪತ್ರದಲ್ಲಿ 'ಪಿಕ್' ಅನ್ನುವ ಪದ ಬಂದೇ ಬರುತ್ತದೆ. 'ಬ್ಯಾಗ್' ಕೂಡ ಬರುತ್ತದೆ. ಎರಡನ್ನೂ ಪಿಟ್‌ಮನ್‌ನಲ್ಲಿ ಬರೆದರೆ ಆಕಾರ ಒಂದೇ. ಒಂದು ಇಳಿಜಾರು ಗೀಟು, ಅದರ ಬುಡಕ್ಕೆ ಒಂದು ಅಡ್ಡಗೀಟು. 'ಪಿಕ್'ನಲ್ಲಿ ಎರಡೂ ತೆಳು, 'ಬ್ಯಾಗ್'ನಲ್ಲಿ ಎರಡೂ ದಪ್ಪ. ಇನ್ನೊಂದು ವ್ಯತ್ಯಾಸ ಜಾಗದ್ದು. 'ಬ್ಯಾಗ್' ಗೆರೆಯಿಂದ ಮೇಲೆ ಕೂರುತ್ತದೆ. 'ಪಿಕ್'ನ ಮೊದಲ ಗೀಟು ಗೆರೆಯನ್ನು ದಾಟಿ ಕೆಳಗೆ ಇಳಿಯುತ್ತದೆ. ಸ್ವರ ಯಾವುದು ಅಂತ ಹೇಳೋದು ಈ ಜಾಗ. ಕಲಿಯುವಾಗ ಸ್ವರಕ್ಕೆ ಚುಕ್ಕೆ, ಗೀಟು ಹಾಕುತ್ತಾರೆ. ಆರು ದೀರ್ಘ ಸ್ವರ ನೆನಪಿಡಲು 'ಪಾ ಮೇ ವೀ ಆಲ್ ಗೋ ಟೂ' ಅಂತಲೂ, ಆರು ಹ್ರಸ್ವಕ್ಕೆ 'ದಟ್ ಪೆನ್ ಈಸ್ ನಾಟ್ ಮಚ್ ಗುಡ್' ಅಂತಲೂ ಬಾಯಿಪಾಠ ಮಾಡಿಸುತ್ತಿದ್ದರು. ಹಳೇ ಸ್ಟೆನೋ ಯಾರನ್ನಾದರೂ ಕೇಳಿ ನೋಡಿ, ಇವತ್ತಿಗೂ ಒಂದೇ ಉಸಿರಿಗೆ ಹೇಳುತ್ತಾರೆ. ಆದರೆ ಕೈ ಪಳಗಿದ ಮೇಲೆ ಯಾರೂ ಚುಕ್ಕೆ ಹಾಕುವುದಿಲ್ಲ. ನಿಮಿಷಕ್ಕೆ 100, 120 ಪದ ಬರೆಯಬೇಕಾದವರಿಗೆ ಚುಕ್ಕೆಗೆ ಪುರುಸೊತ್ತೆಲ್ಲಿ? ಬರೀ ವ್ಯಂಜನ, ಅದರ ಜಾಗ, ಅದರ ದಪ್ಪ. ಉಳಿದದ್ದು ಸಂದರ್ಭ. ಡಾಕ್ಟರ ಚೀಟಿಯನ್ನು ಔಷಧಿ ಅಂಗಡಿಯವರು ಓದುತ್ತಾರಲ್ಲ, ಹಾಗೆ. ಯಾವ ಪದ ಬರಬಹುದು ಅಂತ ಮೊದಲೇ ಗೊತ್ತಿರುವವರಿಗೆ ಅದು ಸಲೀಸು.

ಇದರ ಮೇಲೆ ಚಿಕ್ಕದು ಮಾಡುವ ಉಪಾಯಗಳು ಬೇರೆ. ಗೀಟನ್ನು ಅರ್ಧ ಮಾಡಿದರೆ ಕೊನೆಗೆ ಟೀ ಅಥವಾ ಡೀ ಸೇರಿತು ಅಂತ ಅರ್ಥ. ಸಣ್ಣ ಸೊನ್ನೆ ಹಾಕಿದರೆ ಎಸ್. ಪದೇ ಪದೇ ಬರುವ ಪದಕ್ಕೆ ಒಂದೇ ಗುರುತು, ಅದಕ್ಕೆ ಗ್ರಾಮಲಾಗ್ ಅನ್ನುತ್ತಾರೆ. ಹಲವು ಪದ ಸೇರಿಸಿ ಕೈ ಎತ್ತದೆ ಬರೆದರೆ ಫ್ರೇಸ್. ಕೋರ್ಟಿನ ಸ್ಟೆನೋಗಳು ವಾದಿ, ಪ್ರತಿವಾದಿ, ಸಾಕ್ಷಿ, ಕಲಂ ಇವಕ್ಕೆಲ್ಲ ತಮ್ಮದೇ ಗುರುತು ಮಾಡಿಕೊಳ್ಳುತ್ತಿದ್ದರು. ಎಸ್ಟೇಟಿನವರು ಪಾರ್ಚ್‌ಮೆಂಟ್, ಚೆರ್ರಿ, ರೊಬಸ್ಟಾ ಇಂಥ ಕಾಫಿ ವ್ಯಾಪಾರದ ಪದಗಳಿಗೆ ಮಾಡಿಕೊಳ್ಳುತ್ತಿದ್ದರು. ಇದು ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮ ತಾತನ ನೋಟ್‌ಬುಕ್ಕುಗಳ ಒಳರಟ್ಟು, ಕೊನೇ ಪುಟ ಬಿಡದೆ ನೋಡಿ. ಕೆಲವರು ಅಲ್ಲಿ ಪಟ್ಟಿ ಬರೆದಿಟ್ಟುಕೊಂಡಿರುತ್ತಾರೆ. ಒಂದು ಕಡೆ ಗುರುತು, ಎದುರಿಗೆ ಇಂಗ್ಲಿಷ್ ಪದ. ಅಂಥ ಒಂದು ಪುಟ ಸಿಕ್ಕರೆ ಇಡೀ ಟ್ರಂಕಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು.

ಈಗ ಪುಸ್ತಕದ ಕ್ರಮ. ಇದನ್ನು ತಿಳಿಯದೆ ಓದೋಕೆ ಕೂತರೆ ತಲೆ ಕೆಡುತ್ತದೆ. ಸ್ಟೆನೋಗಳು ಹಾಳೆಯ ಒಂದೇ ಬದಿಯಲ್ಲಿ ಬರೆದುಕೊಂಡು ಪುಸ್ತಕದ ಕೊನೆಯವರೆಗೆ ಹೋಗುತ್ತಿದ್ದರು. ಆಮೇಲೆ ಪುಸ್ತಕವನ್ನು ತಿರುಗಿಸಿ ಇನ್ನೊಂದು ಬದಿಯಲ್ಲಿ ಬರೆದುಕೊಂಡು ಬರುತ್ತಿದ್ದರು. ಡಿಕ್ಟೇಷನ್ ಹೇಳುವವರು ನಿಲ್ಲಿಸುವುದಿಲ್ಲವಲ್ಲ, ಹಾಳೆ ಬೇಗ ಮಗುಚಬೇಕು. ಹಾಗಾಗಿ ಅಕ್ಕಪಕ್ಕ ಕಾಣುವ ಎರಡು ಪುಟದ ನಡುವೆ ವಾರಗಳ ಅಂತರ ಇರಬಹುದು. ಪುಟದ ನಡುವೆ ಮೇಲಿಂದ ಕೆಳಕ್ಕೆ ಗೆರೆ ಇದ್ದರೆ ಎಡಗಡೆಯ ಕಾಲಂ ಮುಗಿಸಿ ಬಲಕ್ಕೆ ಹೋಗಿ. ಇಡೀ ಪತ್ರದ ಮೇಲೆ ಓರೆಯಾಗಿ ಒಂದು ಉದ್ದ ಗೀಟು ಎಳೆದಿದ್ದರೆ ಅದು ತಪ್ಪಾಗಿದೆ ಅಂತ ಹೊಡೆದುಹಾಕಿದ್ದಲ್ಲ, ಟೈಪ್ ಮಾಡಿ ಆಯಿತು ಅಂತ. ಅಂದರೆ ಅದರ ಟೈಪ್ ಪ್ರತಿ ಎಲ್ಲೋ ಇತ್ತು. ಎಸ್ಟೇಟಿನ ಫೈಲಿನಲ್ಲೋ, ನಿಮ್ಮ ಟ್ರಂಕಿನ ತಳದಲ್ಲೋ.

ಆ ಪ್ರತಿ ಹುಡುಕೋದು ಹೇಗೆ? ಟೈಪ್ ಮಾಡಿದ ಹಳೇ ಪತ್ರಗಳ ಎಡಗಡೆ ಕೆಳಗೆ ಎರಡು ಜೊತೆ ಇನಿಷಿಯಲ್ ಇರುತ್ತವೆ, ನಡುವೆ ಒಂದು ಓರೆಗೀಟು. ಮೊದಲಿನದು ಹೇಳಿದವರದು, ಎರಡನೆಯದು ಟೈಪ್ ಮಾಡಿದವರದು. ನಿಮ್ಮ ತಾತನ ಇನಿಷಿಯಲ್ ಇರುವ ಹಾಳೆಗಳು ಎಲ್ಲೆಲ್ಲಿದ್ದವು ಅಂತ ಗುರುತು ಮಾಡಿಕೊಂಡು, ಅವನ್ನು ತಾರೀಖಿನ ಪ್ರಕಾರ ಜೋಡಿಸಿ. ನೋಟ್‌ಬುಕ್ಕಿನ ತಾರೀಖಿಗೆ ಹೋಲಿಸಿ. ಒಂದೇ ಒಂದು ಪತ್ರ ಹೊಂದಿಕೊಂಡರೂ ಸಾಕು. ಅದರಿಂದ ತಾತನ ಕೈಬರಹ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ.

ಇತಿಹಾಸ ಕೇಳಿಲ್ಲ ನೀವು. ಆದರೆ ಸಂಗ್ರಹಿಸಬೇಕು ಅಂದರೆ ಸ್ವಲ್ಪ ತಿಳಿದಿರಬೇಕು. ರೋಮಿನಲ್ಲಿ ಸಿಸೆರೋ ಎಂಬ ದೊಡ್ಡ ಭಾಷಣಕಾರನಿಗೆ ಟೈರೋ ಎಂಬ ಸೇವಕನಿದ್ದ. ಮೊದಲು ಗುಲಾಮ, ಆಮೇಲೆ ಬಿಡುಗಡೆ ಪಡೆದವನು. ಅವನ ಹೆಸರಿನಲ್ಲಿ 'ಟೈರೋನಿಯನ್ ಗುರುತುಗಳು' ಉಳಿದವು. ಕ್ರಿ.ಪೂ. 63ರಲ್ಲಿ ರೋಮಿನ ಸೆನೆಟ್‌ನಲ್ಲಿ ಕೇಟೋ ಎಂಬ ರಾಜಕಾರಣಿ ಮಾಡಿದ ಭಾಷಣವನ್ನು ಹೀಗೆ ಬೇಗ ಬರೆಯುವವರನ್ನು ಕೂರಿಸಿ ಬರೆಸಿದರು ಎಂದು ಹಳೇ ಕಾಲದ ಲೇಖಕ ಪ್ಲೂಟಾರ್ಕ್ ಹೇಳುತ್ತಾನೆ. ಯುರೋಪಿನ ಮಠಗಳಲ್ಲಿ ಈ ಗುರುತುಗಳು ಸಾವಿರಾರು ಆದವು. ಆಮೇಲೆ ಮರೆತೇಹೋದವು. 'ಮತ್ತು' ಎನ್ನುವುದಕ್ಕೆ ಇದ್ದ ಏಳರಂಥ ಒಂದು ಗುರುತು ಮಾತ್ರ ಐರ್ಲೆಂಡಿನ ರಸ್ತೆ ಬೋರ್ಡುಗಳ ಮೇಲೆ ಈಗಲೂ ಕಾಣುತ್ತದೆ.

ಇಂಗ್ಲಿಷ್ ಶಾರ್ಟ್‌ಹ್ಯಾಂಡ್ ಶುರುವಾದದ್ದು 1588ರಲ್ಲಿ, ತಿಮೋತಿ ಬ್ರೈಟ್ ಎಂಬ ವೈದ್ಯನಿಂದ. ಅವನದು ಒಂದೊಂದು ಪದಕ್ಕೆ ಒಂದೊಂದು ಗುರುತು. ಬಾಯಿಪಾಠ ಮಾಡಿ ಮಾಡಿ ಜನ ಸುಸ್ತಾದರು. 1602ರಲ್ಲಿ ಜಾನ್ ವಿಲ್ಲಿಸ್ ಅಕ್ಷರದ ಆಧಾರದ ಮೇಲೆ ಪದ್ಧತಿ ಕಟ್ಟಿದ. ದಾರಿ ತೆರೆದದ್ದು ಆಗ. ಅಲ್ಲಿಂದ 200 ವರ್ಷ ಇಂಗ್ಲೆಂಡಿನಲ್ಲಿ ಹೊಸ ಹೊಸ ಪದ್ಧತಿಗಳು ಬರುತ್ತಲೇ ಇದ್ದವು. ಜನ ಜಾಸ್ತಿ ಬರೆದುಕೊಂಡದ್ದು ಚರ್ಚಿನ ಪ್ರವಚನ. ವಿದೇಶದ ಹರಾಜಿನಲ್ಲಿ ಹಳೇ ಶಾರ್ಟ್‌ಹ್ಯಾಂಡ್ ಪುಸ್ತಕ ಬಂದರೆ ಅದು ಪ್ರವಚನವೇ ಆಗಿರುವ ಸಾಧ್ಯತೆ ಹೆಚ್ಚು. ಗುಟ್ಟಿನ ಮಾತು ಇರಬಹುದು ಅಂತ ಆಸೆಪಟ್ಟು ಕೊಂಡವರು ಒಂದೂವರೆ ಗಂಟೆ ಉದ್ದದ ಉಪದೇಶ ಓದಬೇಕಾಗುತ್ತದೆ! ಹಾಗಂತ ಗುಟ್ಟು ಇಲ್ಲವೇ ಇಲ್ಲ ಅಂತಲ್ಲ. ಐಸಾಕ್ ನ್ಯೂಟನ್ 1662ರಲ್ಲಿ, ಹುಡುಗನಾಗಿದ್ದಾಗ, ತಾನು ಮಾಡಿದ ಪಾಪಗಳ ಪಟ್ಟಿಯನ್ನು ಶೆಲ್ಟನ್ ಪದ್ಧತಿಯಲ್ಲೇ ಬರೆದಿಟ್ಟಿದ್ದ.

ಚಾರ್ಲ್ಸ್ ಡಿಕನ್ಸ್ ಕಾದಂಬರಿಕಾರ ಆಗುವ ಮೊದಲು ಕೋರ್ಟು, ಪಾರ್ಲಿಮೆಂಟಿನ ವರದಿಗಾರನಾಗಿದ್ದ. ಕಲಿತದ್ದು ಗರ್ನಿ ಪದ್ಧತಿ, 1750ರ ಪುಸ್ತಕದಿಂದ. ಅದರ ಮೇಲೆ ತನ್ನದೇ ಗುರುತುಗಳನ್ನು ಸೇರಿಸಿಕೊಂಡ. ಫಲ ಏನಾಯಿತು? ಗರ್ನಿಯ ಪುಸ್ತಕ ಕೈಯಲ್ಲಿದ್ದರೂ ಅವನ ಕೆಲವು ಟಿಪ್ಪಣಿ ಓದೋಕೆ ಆಗಲಿಲ್ಲ. ಅವನ ಒಂದು ಪುಟದ ಪತ್ರ ಸುಮಾರು 160 ವರ್ಷ ಹಾಗೇ ಕೂತಿತ್ತು. ಇಂಗ್ಲೆಂಡಿನ ವಿದ್ವಾಂಸರು ಅದನ್ನು ಎಲ್ಲರ ಮುಂದೆ ಇಟ್ಟು, ಬಿಡಿಸಿದವರಿಗೆ 300 ಪೌಂಡ್ ಬಹುಮಾನ ಅಂತ ಸಾರಿದರು. 2022ರಲ್ಲಿ ಅದರ ಹೆಚ್ಚಿನ ಭಾಗ ಬಿಡಿಸಿದ್ದಾಯಿತು. ಬಿಡಿಸಿದವರಲ್ಲಿ ಸಾಹಿತ್ಯದ ಪ್ರೊಫೆಸರುಗಳಿಗಿಂತ ಒಗಟು ಬಿಡಿಸುವ ಹವ್ಯಾಸಿಗಳೇ ಮುಂದಿದ್ದರು. ಪತ್ರದಲ್ಲಿ ಇದ್ದದ್ದು ಒಂದು ಜಾಹೀರಾತಿನ ತಕರಾರು. ಪತ್ರಿಕೆಯವರು ತನ್ನ ಜಾಹೀರಾತು ಹಾಕಲಿಲ್ಲ ಅಂತ ದೂರು.

ಐಸಾಕ್ ಪಿಟ್‌ಮನ್ ಬಂದದ್ದು 1837ರಲ್ಲಿ. ಶಾಲಾ ಮಾಸ್ತರು. ಅವನ ಪದ್ಧತಿ ಚೆನ್ನಾಗಿತ್ತು, ಸರಿ. ಆದರೆ ಅದು ಹರಡಿದ್ದು ಅಂಚೆಯಿಂದ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿ (ಅಲ್ಲಿನ ಚಿಲ್ಲರೆ ನಾಣ್ಯ) ಕೊಟ್ಟರೆ ದೇಶದೊಳಗೆ ಎಲ್ಲಿಗೆ ಬೇಕಾದರೂ ಕಾಗದ ಹಾಕುವ ವ್ಯವಸ್ಥೆ ಬಂತು. ಪಿಟ್‌ಮನ್ ಇಡೀ ಪದ್ಧತಿಯನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಒಂದು ಪೆನ್ನಿಗೆ ಮಾರಿದ, ಅಂಚೆಯಲ್ಲೇ ಪಾಠ ತಿದ್ದಿ ಕಳಿಸಿದ. ದೂರಶಿಕ್ಷಣ ಅಂತ ನಾವು ಈಗ ಹೇಳುವುದರ ಮೊದಮೊದಲ ರೂಪಗಳಲ್ಲಿ ಅದೂ ಒಂದು. ಜರ್ಮನಿಯಲ್ಲಿ ಗಾಬೆಲ್ಸ್‌ಬರ್ಗರ್ 1834ರಲ್ಲೇ ಬೇರೆ ದಾರಿ ಹಿಡಿದಿದ್ದ. ಅವನದು ಕೈಬರಹದ ಹಾಗೆ ಓಡುವ ಲಿಪಿ. ಗಣಿತಜ್ಞ ಕುರ್ಟ್ ಗೋಡೆಲ್ ಟಿಪ್ಪಣಿ ಬರೆದದ್ದು ಅದರಲ್ಲಿ. ಅವನ್ನು ಓದಬಲ್ಲವರು ಸಿಗುವುದು ಕಷ್ಟವಾದ್ದರಿಂದ ಸಂಪಾದಕರು ಬಹಳ ಪಾಡುಪಟ್ಟರು.

ನಮಗೆ ಹತ್ತಿರದ ಹೆಸರು ಒಂದಿದೆ. ಜೆ. ಜೆ. ಗುಡ್‌ವಿನ್ ಎಂಬ ಇಂಗ್ಲಿಷ್ ಯುವಕ. 1895ರ ಕೊನೆಗೆ ನ್ಯೂಯಾರ್ಕಿನಲ್ಲಿ ಸ್ವಾಮಿ ವಿವೇಕಾನಂದರ ಉಪನ್ಯಾಸ ಬರೆದುಕೊಳ್ಳಲು ಸೇರಿದ. ಆಮೇಲೆ ಶಿಷ್ಯನೇ ಆಗಿಬಿಟ್ಟ, ಅವರ ಜೊತೆ ಭಾರತಕ್ಕೂ ಬಂದ. 1898ರಲ್ಲಿ ಊಟಿಯಲ್ಲಿ ತೀರಿಕೊಂಡ, ಇನ್ನೂ ಮೂವತ್ತು ತುಂಬಿರಲಿಲ್ಲ. ವಿವೇಕಾನಂದರು ಬಾಯಲ್ಲಿ ಹೇಳಿದ್ದು ಇವತ್ತು ಪುಸ್ತಕವಾಗಿ ಸಿಗುತ್ತಿದ್ದರೆ ಅದರಲ್ಲಿ ದೊಡ್ಡ ಪಾಲು ಇವನ ಶಾರ್ಟ್‌ಹ್ಯಾಂಡಿನದು. ಬರೆದುಕೊಂಡದ್ದನ್ನು ತಾನೇ ಕೂತು ಬಿಡಿಸಿ ಬರೆದಿಟ್ಟ, ಅದಕ್ಕೇ ಉಳಿಯಿತು.

ಇನ್ನು ನಿಮ್ಮ ಕಪ್ಪು ಬಟ್ಟೆಯ ಪುಸ್ತಕ. ಅದು ಶಾರ್ಟ್‌ಹ್ಯಾಂಡ್ ಅಲ್ಲ, ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಆಫೀಸಿನ ಫೈಲಿಗೆ ಕಡತ ಅಂತ ನಾವು ಅನ್ನುವುದು ಅಲ್ಲಿಂದಲೇ. ಶೃಂಗೇರಿ ಮಠದಲ್ಲಿ ಇಂಥ ಕಡತಗಳಿವೆ. ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಳಪದ ಬರಹ ಒಂದೇ ಏಟಿಗೆ ಹೋಗಿಬಿಡುತ್ತದೆ. ಬರಹ ಏನಿರಬಹುದು? ಮಲೆನಾಡಿನ ಮನೆಗಳಲ್ಲಿ ಶಾರ್ಟ್‌ಹ್ಯಾಂಡ್ ಅಂತ ತಂದು ತೋರಿಸುವುದರಲ್ಲಿ ಅರ್ಧ ಇಂಥವೇ. ಒಂದು, ಕೈ ಎತ್ತದೆ ಬರೆದ ಮೋಡಿ ಕನ್ನಡ. ಬಿನ್, ಕೋಂ, ಮ॥ರಾ॥ ಇವು ಕಣ್ಣಿಗೆ ಬಿದ್ದರೆ ಕಚೇರಿ ಬರಹ ಅಂತ ಗೊತ್ತಾಗುತ್ತದೆ. ಎರಡು, ಮರಾಠಿಯ ಮೋಡಿ ಲಿಪಿ. ಹಿಂದೆ ಮೈಸೂರು ಸಂಸ್ಥಾನದ ಲೆಕ್ಕಪತ್ರದಲ್ಲಿ ಅದೂ ನಡೆಯುತ್ತಿತ್ತು. ಮೂರು, ತಿಗಳಾರಿ ಎಂಬ ಹಳೇ ಲಿಪಿ. ಅದು ಸಾಮಾನ್ಯವಾಗಿ ತಾಳೆಗರಿಯಲ್ಲಿ ಸಿಗುತ್ತದೆ, ಬಹುಪಾಲು ಸಂಸ್ಕೃತ. ಲೆಕ್ಕದ ಕಡತವಾದರೆ ಕಾಲು, ಅರೆ, ಮುಕ್ಕಾಲು ಸೂಚಿಸುವ ಗೀಟುಗಳು ಸಾಲಾಗಿ ಇರುತ್ತವೆ, ಶಾರ್ಟ್‌ಹ್ಯಾಂಡ್ ಥರಾನೇ ಕಾಣುತ್ತದೆ. ಇದನ್ನು ಓದುವವರು ಬೇರೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ಹಸ್ತಪ್ರತಿ ವಿಭಾಗ ಇರುವ ವಿಶ್ವವಿದ್ಯಾಲಯಕ್ಕೋ ಒಯ್ಯಿರಿ.

ಬೆಲೆಯ ವಿಷಯ ನೇರವಾಗಿ ಹೇಳುತ್ತೇನೆ. ಇಪ್ಪತ್ತನೇ ಶತಮಾನದ ಭಾರತೀಯ ಸ್ಟೆನೋ ನೋಟ್‌ಬುಕ್ಕಿಗೆ ಮಾರುಕಟ್ಟೆ ಅನ್ನುವಂಥದ್ದು ಇಲ್ಲ. ದುಡ್ಡು ಬರುವುದು 17, 18ನೇ ಶತಮಾನದ ಇಂಗ್ಲಿಷ್ ಹಸ್ತಪ್ರತಿಗೆ, ಅಥವಾ ಬರೆದವರು ಪ್ರಸಿದ್ಧರಾಗಿದ್ದರೆ. ಆನ್‌ಲೈನಿನಲ್ಲಿ 'ರಹಸ್ಯ ಲಿಪಿ', 'ಗೂಢಚಾರರ ಡೈರಿ' ಅಂತ ಹಾಕಿ ಮಾರುವವರಿದ್ದಾರೆ. ತೆಗೆದು ನೋಡಿದರೆ ಕಾಮರ್ಸ್ ಪರೀಕ್ಷೆಯ ಅಭ್ಯಾಸ ಪುಸ್ತಕ. 'ಡಿಯರ್ ಸರ್, ವಿ ಆರ್ ಇನ್ ರಿಸೀಟ್ ಆಫ್' ಅಂತ ನೂರು ಸಲ ಬರೆದದ್ದು. ಇನ್ನೊಂದು ವಿಷಯ ಕಾನೂನಿನದು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ, ಐತಿಹಾಸಿಕ ಮೌಲ್ಯವಿರುವ ಹಸ್ತಪ್ರತಿ, ದಾಖಲೆ 75 ವರ್ಷ ದಾಟಿದ್ದರೆ ಪುರಾವಸ್ತು ಅನ್ನಿಸಿಕೊಳ್ಳುತ್ತದೆ. ಅದನ್ನು ನಾವು ನೀವು ವಿದೇಶಕ್ಕೆ ಮಾರುವಂತಿಲ್ಲ. ಕೋರ್ಟಿನ ನೋಟ್‌ಬುಕ್ಕಿನಲ್ಲಿ ಸಾಕ್ಷಿಗಳ ಹೇಳಿಕೆ, ಮನೆಮಂದಿಯ ಜಗಳ, ಇನ್ನೂ ಬದುಕಿರುವವರ ಹೆಸರು ಇರಬಹುದು. ಅದು ಕಚೇರಿಗೆ ಸೇರಿದ್ದೂ ಆಗಿರಬಹುದು. ಅವನ್ನು ಓದಿಸಿ ಫೇಸ್‌ಬುಕ್ಕಿಗೆ ಹಾಕುವ ಕೆಲಸ ಬೇಡ. ಬೇರೆ ಕಟ್ಟು ಕಟ್ಟಿ ಇಡಿ, ಒಬ್ಬ ವಕೀಲರನ್ನು ಕೇಳಿ, ಬೆಂಗಳೂರಿನ ರಾಜ್ಯ ಪತ್ರಾಗಾರ ಇಲಾಖೆಗೆ ಒಂದು ಕಾಗದ ಬರೆಯಿರಿ.

ಸಂಗ್ರಹ ಶುರು ಮಾಡೋಕೆ ಹಾಸನ, ಚಿಕ್ಕಮಗಳೂರು ಒಳ್ಳೆಯ ಜಾಗ, ಜನ ಅಷ್ಟಾಗಿ ಗಮನಿಸಿಲ್ಲ. ಇಲ್ಲಿ ಪ್ಲಾಂಟರುಗಳ ಆಫೀಸುಗಳಿದ್ದವು, ಕೋರ್ಟು ಕಚೇರಿಗಳಿದ್ದವು, ಪಟ್ಟಣದ ಮುಖ್ಯ ರಸ್ತೆಯ ಮಹಡಿಗಳಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಿದ್ದವು. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಹುಡುಗ ಹುಡುಗಿಯರನ್ನು 'ಸುಮ್ನೆ ಯಾಕೆ ಕೂತಿದ್ದೀಯಾ, ಟೈಪಿಂಗ್ ಶಾರ್ಟ್‌ಹ್ಯಾಂಡ್ ಕಲಿ' ಅಂತ ಕಳಿಸುತ್ತಿದ್ದ ಕಾಲ. ಅಂಥ ಒಂದು ಇನ್‌ಸ್ಟಿಟ್ಯೂಟ್ ಮುಚ್ಚಿದಾಗ ಟೈಪ್‌ರೈಟರುಗಳನ್ನು ಕೊಳ್ಳೋಕೆ ಜನ ಬಂದರು. ಕಪಾಟಿನಲ್ಲಿದ್ದ ಹಳೇ ಡಿಕ್ಟೇಷನ್ ಪುಸ್ತಕ, ಪ್ರಶ್ನೆಪತ್ರಿಕೆ, ಮಾದರಿ ಉತ್ತರ ಎಲ್ಲ ತೂಕಕ್ಕೆ ಹೋದವು. ನನಗೆ ಸುದ್ದಿ ಬಂದದ್ದು ತಡವಾಗಿ. ನೀವು ಹುಡುಕಬೇಕಾದದ್ದು ಅವನ್ನೇ. ಆಮೇಲೆ, ಪಿಟ್‌ಮನ್ ಕಂಪನಿಯವರು ಬೈಬಲ್, ಇಂಗ್ಲಿಷ್ ಕಾದಂಬರಿಗಳನ್ನು ಪೂರ್ತಿ ಶಾರ್ಟ್‌ಹ್ಯಾಂಡಿನಲ್ಲೇ ಅಚ್ಚು ಹಾಕಿದ್ದರು. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕರೆ ಬಿಡಬೇಡಿ. ಪಕ್ಕದಲ್ಲಿ ಇಂಗ್ಲಿಷ್ ಪ್ರತಿ ಇಟ್ಟುಕೊಂಡು ಓದಿದರೆ ಅದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ.

ಕನ್ನಡ ಶೀಘ್ರಲಿಪಿಯ ಪುಸ್ತಕ, ನೋಟ್‌ಬುಕ್ ಸಿಕ್ಕರಂತೂ ಎರಡನೇ ಯೋಚನೆ ಬೇಡ. ಪಿಟ್‌ಮನ್ ತಳಹದಿಯ ಮೇಲೇ ಕಟ್ಟಿದ ಪದ್ಧತಿ ಅದು. ಆದರೆ ಮಹಾಪ್ರಾಣ, ನಮ್ಮ ವಿಭಕ್ತಿ ಪ್ರತ್ಯಯ, 'ತಕ್ಕದ್ದು', 'ಮೇರೆಗೆ' ಇಂಥ ಕಚೇರಿ ಮಾತುಗಳಿಗೆ ಹೊಸ ಏರ್ಪಾಡು ಬೇಕಾಯಿತು. ಇಂಗ್ಲಿಷಿನದನ್ನು ಲಂಡನ್ನಿನ ಸೆನೆಟ್ ಹೌಸ್ ಲೈಬ್ರರಿಯಲ್ಲಿ, ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ, ಬಾತ್ ವಿಶ್ವವಿದ್ಯಾಲಯದಲ್ಲಿ ರಾಶಿ ರಾಶಿ ಕೂಡಿಟ್ಟಿದ್ದಾರೆ. ಕನ್ನಡದ್ದನ್ನು ನಾವೇ ಕೂಡಿಡಬೇಕು. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಉಪಚುನಾವಣೆಗೆ ನಿಂತರಲ್ಲ, ಆ ಸಭೆಗಳಲ್ಲಿ ಕೂತು ಬರೆದುಕೊಂಡ ಒಂದು ಪುಸ್ತಕ ಯಾರದಾದರೂ ಅಟ್ಟದ ಮೇಲಿದ್ದರೆ, ಪ್ರವಚನದ ಹತ್ತು ಹಸ್ತಪ್ರತಿ ಕೊಟ್ಟರೂ ನಾನು ಅದನ್ನೇ ಕೇಳುತ್ತೇನೆ.

ಕಾಪಾಡುವ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಕಲೇಶಪುರದ ಮಳೆಗಾಲ ನಿಮಗೇ ಗೊತ್ತು. ತೇವ ಶೇಕಡಾ 65 ದಾಟಿದರೆ ಬೂಷ್ಟು ಶುರು. ನೆಲದ ಮೇಲಿನ ಟ್ರಂಕು ಬೇಡ, ಗೋಡೆಗೆ ತಾಗದ ಕಪಾಟಿನಲ್ಲಿ ಇಡಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿ, ಬಿಸಿಲಿಗೆ ಒಣಹಾಕಬೇಡಿ. ಲ್ಯಾಮಿನೇಷನ್, ಸೆಲೋಟೇಪ್ ಎರಡೂ ನಿಷಿದ್ಧ. ಕಬ್ಬಿಣದ ಪಿನ್ನು, ಕ್ಲಿಪ್ಪು ತೆಗೆದುಬಿಡಿ, ತುಕ್ಕು ಕಾಗದ ತಿನ್ನುತ್ತದೆ. ಆದರೆ ಯಾವ ಹಾಳೆ ಯಾವುದರ ಜೊತೆ ಇತ್ತು ಅಂತ ಮೊದಲು ಫೋಟೋ ತೆಗೆದುಕೊಳ್ಳಿ.

ಝೆರಾಕ್ಸ್ ಮಾತ್ರ ಮಾಡಿಸಬೇಡಿ. ಝೆರಾಕ್ಸಿನಲ್ಲಿ ತೆಳು ಗೀಟು ಮಾಯವಾಗುತ್ತದೆ ಅಥವಾ ದಪ್ಪವಾಗುತ್ತದೆ. 'ಪಿಕ್' ಹೋಗಿ 'ಬ್ಯಾಗ್' ಆಯಿತು ಅಂತ ತಿಳಿಯಿರಿ. ಬಣ್ಣದಲ್ಲೇ, 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಪೆನ್ಸಿಲ್ ಬರಹ ಮಾಸಿದ್ದರೆ ಪಕ್ಕದಿಂದ ಬೆಳಕು ಬಿಟ್ಟು ಫೋಟೋ ತೆಗೆಯಿರಿ. ದಪ್ಪ ಗೀಟು ಒತ್ತಿ ಬರೆದದ್ದಲ್ಲವಾ, ಕಾಗದದಲ್ಲಿ ತಗ್ಗು ಉಳಿದಿರುತ್ತದೆ.

ಓದಿಸುವುದು ಯಾರ ಹತ್ತಿರ? ಹಾಸನದಲ್ಲೇ ಇದ್ದಾರೆ. ನಿಮ್ಮ ತಾತನ ಜೊತೆ ಅಥವಾ ಅವರ ನಂತರ ಕೆಲಸ ಮಾಡಿ ನಿವೃತ್ತರಾದ ಸ್ಟೆನೋಗಳು, ಶಿರಸ್ತೇದಾರರು. ವಯಸ್ಸಾಗಿದೆ, ಇದನ್ನು ಮುಂದಿನ ವರ್ಷಕ್ಕೆ ತಳ್ಳಬೇಡಿ. ಕಂಪ್ಯೂಟರ್ ಓದಿಬಿಡುತ್ತದೆ ಅಂತ ಕಾಯುವುದೂ ಬೇಡ. ಒಬ್ಬೊಬ್ಬರ ಕೈ ಒಂದೊಂದು ಥರ, ಸ್ವರ ಬೇರೆ ಬಿಟ್ಟಿರುತ್ತಾರೆ. ಅವರ ಮನೆಗೆ ಹೋಗುವಾಗ ಎಸ್ಟೇಟ್ ಕಾಲದ ಒಂದು ಪುಸ್ತಕ, ಅದಕ್ಕೆ ಹೊಂದುವ ಟೈಪ್ ಪತ್ರ ಮಾತ್ರ ಒಯ್ಯಿರಿ. ಕೋರ್ಟಿನದು ಬೇಡ. ಮೊದಲು ಟೈಪ್ ಪತ್ರ ತೋರಿಸಬೇಡಿ, ತೋರಿಸಿದರೆ ಅದನ್ನೇ ಓದಿಬಿಡುತ್ತಾರೆ. ನೋಟ್‌ಬುಕ್ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಎಲ್ಲಿ ತಡವರಿಸಿದರು ಅಂತ ಪುಟದ ಸ್ಕ್ಯಾನ್ ಪ್ರತಿಯ ಮೇಲೆ ಗುರುತು ಹಾಕಿಕೊಳ್ಳಿ, ಮೂಲದ ಮೇಲೆ ಬೇಡ. ಆಮೇಲೆ ಟೈಪ್ ಪತ್ರ ತೆಗೆದು ಇಬ್ಬರೂ ಕೂತು ಹೋಲಿಸಿ. ತಡವರಿಸಿದ ಜಾಗಗಳೇ ನಿಮ್ಮ ತಾತನ ಸ್ವಂತ ಗುರುತುಗಳು. ಅವನ್ನು ಒಂದು ಪಟ್ಟಿ ಮಾಡಿ, ಎರಡನೇ ಪುಸ್ತಕ ತೆರೆಯುವ ಮೊದಲು ಆ ಪಟ್ಟಿಯ ಒಂದು ಪ್ರತಿಯನ್ನು ಮೊದಲ ಪುಸ್ತಕದ ಜೊತೆಗೇ ಇಟ್ಟುಬಿಡಿ.